ಸಿಂಬಿಯ ಮೇಲಿನ ಲಿಂಗ

ವಾಡಿ
20-11-1969, ಗುರುವಾರ

ನಮ್ಮ ಮನೆಯವರಿಗೆ, ಸೂಗಮ್ಮನ ಶರಣು.

ಮೊದಲಿನ ಪತ್ರಗಳಲ್ಲಿ ‘ಪಾದಗಳಿಗೆ’ ಎಂದು ಬರೆಯುತ್ತಿದ್ದೆ. ಈ ಸಲ ಶರಣು ಎಂದಷ್ಟೇ ಬರೆದಿದ್ದೇನೆ. ಮರೆತು ಬಿಟ್ಟದ್ದಲ್ಲ.

ಆಡಕಿಯಲ್ಲಿ ನಿಮಗೆ ಹೆಣ್ಣು ನೋಡಿದ್ದಾರೆ. ಈ ಸುದ್ದಿ ತಂದವರು ಬಳೆಗಾರ ಮಶಾಕ ಚಾಚಾ. ಆ ಹುಡುಗಿಯ ಮನೆಗೆ ಬಳೆ ತೊಡಿಸಲು ಹೋದಾಗ ಅವಳ ತಾಯಿಯೇ ಹೇಳಿದಳಂತೆ. ಚಾಚಾ ಮಂಗಳವಾರ ಬಂದರು, ನಿಮ್ಮ ಕಾರ್ಡು ಬುಧವಾರ ಬಂತು. ಕಾರ್ಡಿನಲ್ಲಿ ಹೆಣ್ಣಿನ ಮಾತಿಲ್ಲ. ‘ಸೋಮವಾರ ಹಿರಿಯರು ಕೂಡುತ್ತಾರೆ, ನೀನು ಬಂದು ನಿನ್ನ ಬಾಯಿಂದಲೇ ಒಪ್ಪಿಗೆ ಹೇಳಿ ಹೋಗು’ ಎಂದಿದೆ. ಯಾವುದಕ್ಕೆ ಒಪ್ಪಿಗೆ ಎಂದು ನೀವು ಬರೆಯಲಿಲ್ಲ. ಚಾಚಾನ ಮಾತನ್ನು ಪಕ್ಕಕ್ಕಿಟ್ಟುಕೊಂಡು ಓದಿದ್ದರಿಂದ ನನಗೆ ತಿಳಿಯಿತು.

ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ಬರುತ್ತೇನೆ. ಒಪ್ಪುವುದಿಲ್ಲ.

ಹೆಂಡತಿ ಇರುವಾಗ ಎರಡನೆಯ ಮದುವೆ ಕಾಯ್ದೆಯಲ್ಲಿ ನಿಲ್ಲುವುದಿಲ್ಲ, ಹೆಂಡತಿ ಹೂಂ ಎಂದರೂ ನಿಲ್ಲುವುದಿಲ್ಲ. ಅಪ್ಪ ಇದನ್ನು ಪೇಪರಿನಲ್ಲಿ ಓದಿ ಚಿತ್ತಾಪುರದ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕೇಳಿ ಖಾತ್ರಿ ಮಾಡಿಕೊಂಡು ಬಂದಿದ್ದಾನೆ. ಆದರೆ ನಾನು ಕಾಯ್ದೆ ಹಿಡಿದುಕೊಂಡು ಬರುತ್ತಿಲ್ಲ. ಬೇರೆಯದನ್ನು ಹಿಡಿದುಕೊಂಡು ಬರುತ್ತಿದ್ದೇನೆ. ಅದನ್ನು ತಿಳಿಸಲು ಈ ಪತ್ರ.

ಮಶಾಕ ಚಾಚಾ ಬಂದಾಗ ಅವ್ವ ಬಾಗಿಲಲ್ಲೇ ನಿಂತು, “ನಮ್ಮನ್ಯಾಗ ಬಳಿ ಇಡಿಸ್ಕೊಳ್ಳವ್ರು ಯಾರಿಲ್ಲಪ್ಪ, ಮುಂದ ಹೋಗು” ಎಂದಳು. ಅವರು ಹೋಗಲಿಲ್ಲ. “ಯಾಕವ್ವ, ಸೂಗಮ್ಮ ಅದಾಳಲ್ಲ? ಒಂದ್ ಕೈ ಹೋದ್ರ ಮುತ್ತೈದಿತನ ಅರ್ಧ ಆಗ್ತದೇನು?” ಎಂದು ಕಟ್ಟೆಯ ಮೇಲೆ ಗಂಟು ಬಿಚ್ಚಿದರು. ಬಲಗೈಗೆ ತೊಡಿಸಿ, ಎಡಗೈ ಚಾಚು ಎಂದರು. ನಾನು ಸೆರಗಿನೊಳಗೆ ಇಟ್ಟುಕೊಂಡೆ. ಅವರು, “ಬೇಟಿ, ಬಳಿಗಾರನ ಕಷ್ಟ ಎಲ್ಲಾ ಅಂಗೈ ದಾಟಿಸೋದ್ರಾಗೇ ಅದ. ನಿಂದು ಭಾಳ ಸಸಾರ ಆತು ನೋಡು” ಎಂದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ನಗು ಬಂತು. ಎರಡು ವರ್ಷಗಳಲ್ಲಿ ಈ ಕೈ ನೋಡಿ ತಮಾಷೆ ಮಾಡಿದವರು ಅವರೊಬ್ಬರೇ. ಬಿಗಿಯಾದ ಹಸಿರು ಬಳೆಗಳನ್ನು ಮೊಣಕೈ ಹತ್ತಿರದವರೆಗೆ ಏರಿಸಿ ಕೂರಿಸಿದರು. ಇನ್ನೂ ಬಿದ್ದಿಲ್ಲ.

ನನ್ನನ್ನು ತವರಿಗೆ ಕಳಿಸುವಾಗ ನಿಮ್ಮ ಮನೆಯಲ್ಲಿ ಆದ ಮಾತುಗಳು ನನಗೆ ನೆನಪಿವೆ. ಗುಲಬರ್ಗಾದ ಆಸ್ಪತ್ರೆಯಿಂದ ಬಂದು ಕಟ್ಟು ಬಿಚ್ಚಿದ ವಾರವೇ ಅತ್ತೆಯವರು ಪಡಸಾಲೆಯಲ್ಲಿ ಕುಳಿತು, “ಲಿಂಗಕ್ಕ ಅಂಗೈ ಇಲ್ಲ, ರೊಟ್ಟಿಗಿ ಅಂಗೈ ಇಲ್ಲ. ಇಂಥಾಕಿನ್ನ ಒಲಿ ಮುಂದ ಕೂಡ್ಸಿ ಏನ್ ಮಾಡ್ಲಿ? ಒಬ್ಬಾಕಿನೇ ದನದ ಮೇವಿಗಿ ಕಣಕಿ ಕತ್ತರ್ಸೋ ಮಷೀನು ನಡಸ್ಲಿಕ್ಕಿ ಹೋಗಿ ಕೈ ಕಳಕೊಂಡಾಳ. ಖಬರ್ ಎಲ್ಲಿತ್ತೋ” ಎಂದರು. ನಿಮ್ಮ ಮನೆತನದ ಗುರುಗಳಾದ ಅಯ್ಯನವರು, “ಅಂಗೈ ಇಲ್ದಾಕಿಗಿ ಲಿಂಗಪೂಜಿ ಇಲ್ಲ. ಕೊಳ್ಳಾಗ ಇರ್ಲಿ, ಬಿಚ್ಚೋದು ಬ್ಯಾಡ” ಎಂದರು. ನೀವು ಕಂಬಕ್ಕೆ ಒರಗಿ ನಿಂತಿದ್ದಿರಿ. ಎಲ್ಲವನ್ನೂ ಕೇಳಿಸಿಕೊಂಡಿರಿ.

ರೊಟ್ಟಿಯ ಮಾತಿಗೂ ಲಿಂಗದ ಮಾತಿಗೂ ಇಲ್ಲಿ ಉತ್ತರ ಬರೆಯುತ್ತೇನೆ. ಮಷೀನಿನ ಮಾತಿಗೆ ಬರೆಯುವುದಿಲ್ಲ.

ವಾಡಿಗೆ ಬಂದ ಮೊದಲ ತಿಂಗಳುಗಳು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಪ್ಪನ ಚಹದ ಅಂಗಡಿ ಸ್ಟೇಷನ್ನಿನಲ್ಲಿ ಇರುವುದು ನಿಮಗೆ ಗೊತ್ತು. ಪ್ರಯಾಣಿಕರು ಬಿಟ್ಟುಹೋದ ಪೇಪರುಗಳನ್ನು ಅವನು ಮನೆಗೆ ತರುತ್ತಿದ್ದ. ಚಿಕ್ಕಂದಿನಲ್ಲಿ ನನ್ನಿಂದ ಓದಿಸಿ, ಸುದ್ದಿ ಏನು, ಹೇಳಿದವರು ಯಾರು, ಮುಂದೇನು ಎಂದು ಕೇಳುತ್ತಿದ್ದ. ಒಂದು ದಿನ ಪೇಪರು ನನ್ನ ತಲೆಯ ಹತ್ತಿರ ಇಟ್ಟು ಅದನ್ನೇ ಕೇಳಿದ. ನಾನು, ಸುದ್ದಿ ಏನಪ್ಪಾ, ಕೈ ಹೋಗಿದೆ ಎಂದೆ. ಅವನು ನನ್ನ ಎಡಗೈ ಎತ್ತಿ ಹಿಡಿದು, “ಹೋಗಿದ್ದು ಮಣಿಕಟ್ಟಿನಿಂದ ಮುಂದ. ರಟ್ಟಿ ಯಾರ್ ಒಯ್ದಾರ? ಸುದ್ದಿ ಪೂರಾ ಬರಿಬೇಕು” ಎಂದ. ಹರೆಯದಲ್ಲಿ ಶಹಾಬಾದಿನ ಗರಡಿಯಲ್ಲಿ ತಾಲೀಮು ಮಾಡಿದವನು. ಮರುದಿನ ಉಸುಕಿನ ಸಣ್ಣ ಚೀಲ ಹೊಲಿಸಿ ನನ್ನ ಮುಂಗೈಗೆ ಕಟ್ಟಿ, ಎತ್ತು, ಇಳಿಸು ಎಂದ. ನೋವಿನಿಂದ ನಾನು ಅವನನ್ನು ಬೈದೆ. “ಬೈ, ಆದ್ರ ಕೈ ಇಳಿಸ್ಬ್ಯಾಡ” ಎಂದ.

ಕೈಗೆ ಬಲ ಬಂದ ಮೇಲೆ ರೊಟ್ಟಿಗೆ ಕುಳಿತೆ. ರೊಟ್ಟಿ ಬಡಿಯುವಾಗ ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ. ತಿರುಗಿಸುವ ಕೈ ನನಗಿಲ್ಲ. ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆಯಲ್ಲಿ ಬಡಿದರೆ ರೊಟ್ಟಿ ಅಂಟಿಕೊಂಡಿತು, ಹರಿಯಿತು. ಕೊನೆಗೆ ನುಣುಪಾದ ಶಹಾಬಾದಿ ಪರಸಿ ಕಲ್ಲಿನ ಮೇಲೆ ಹಿಟ್ಟು ಉದುರಿಸಿ, ಅಂಗೈಯನ್ನು ಸ್ವಲ್ಪ ಓರೆಯಾಗಿ ಬಡಿದು ನೋಡಿದೆ. ಪ್ರತಿ ಪೆಟ್ಟಿಗೆ ರೊಟ್ಟಿ ತಾನೇ ಒಂದಿಷ್ಟು ಸರಿಯಿತು. ಮೊದಲ ರೊಟ್ಟಿಗಳನ್ನು ಅಪ್ಪ, “ಇದು ಬೀದರ ಜಿಲ್ಲಾ, ಇದು ರಾಯಚೂರ ಜಿಲ್ಲಾ” ಎಂದು ಹೆಸರಿಟ್ಟು ತಿಂದ. ಈಗ ದುಂಡಗೆ ಬರುತ್ತವೆ. ಹೆಂಚಿಗೆ ಹಾಕುವಾಗ ಬಲಗೈಗೆ ಮೊಂಡುಗೈ ಆಸರೆ ಕೊಡುತ್ತದೆ. ಒಂದೆರಡು ಕಡೆ ಸುಟ್ಟುಕೊಂಡಿದ್ದೇನೆ. ಎರಡೂ ಕೈ ಇದ್ದಾಗಲೂ ಸುಟ್ಟುಕೊಂಡಿದ್ದೆ.

ಇನ್ನು ಲಿಂಗದ ಮಾತು. ಅಯ್ಯನವರು ಬೇಡ ಎಂದ ಮೇಲೆ ಒಂದು ವರ್ಷ ನಾನು ಕೊರಳಲ್ಲಿನ ಲಿಂಗದ ಕರಡಿಗೆ ತೆರೆಯಲಿಲ್ಲ. ಪೂಜೆಯಿಲ್ಲದೆ ಬಾಯಿಗೆ ತುತ್ತಿಟ್ಟವಳಲ್ಲ ನಾನು. ಮೊದಲು ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಇಳಿಯತೊಡಗಿತು. ಸಲೀಸಾಗಿ ಇಳಿಯುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ಹೀಗೇ ಎಲ್ಲವೂ ರೂಢಿಯಾಗಿಬಿಡುತ್ತದೆ ಎಂದುಕೊಂಡೆ.

ನಮ್ಮ ಪಕ್ಕದಲ್ಲಿ ಭೀಮಬಾಯಿ ಎಂಬ ಶಿಕ್ಷಕಿ ಇದ್ದಾರೆ. ಅವರ ತಂದೆಯ ಕಾಲಕ್ಕೆ ಆ ಮನೆತನ ಬೌದ್ಧರಾಯಿತು. ಅಯ್ಯನವರು ಹೇಳಿದ್ದನ್ನು ಅವರಿಗೆ ಹೇಳಿದೆ. ಅವರು, “ಬರ್ದಿದ್ದು ನೀ ಓದಿದ್ದೇನು? ಇನ್ನೊಬ್ರು ಓದಿ ಹೇಳಿದ್ದಷ್ಟೇ ಕೇಳ್ಕೋತ ಕುಂತಿದ್ರ ನಾವೂ ಇನ್ನಾ ಹಳ್ಳದ ಆಚಿ ಕಡಿನೇ ಇರ್ತಿದ್ವಿ” ಎಂದರು. ಅವರ ದೇವರು ಬೇರೆ, ನನ್ನ ದೇವರು ಬೇರೆ. ಆದರೂ ಎಲ್ಲೆಲ್ಲಿಂದಲೋ ಪುಸ್ತಕ ತಂದುಕೊಟ್ಟರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಪದಕೋಶ ಪಕ್ಕದಲ್ಲಿಟ್ಟುಕೊಂಡು, ಪುಟ ಹಾರದ ಹಾಗೆ ಕಾಲಿನಿಂದ ಒತ್ತುವುದು ತಪ್ಪೆಂದು ಮೊಣಕೈಯಿಂದ ಒತ್ತಿ ಓದಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪೂಜೆಗೆ ಲಿಂಗ ಇಟ್ಟುಕೊಳ್ಳುವುದು ಎಡಗೈಯಲ್ಲಿ ಎಂದೇ ಪುಸ್ತಕದಲ್ಲಿದೆ. ಎಡಗೈ ಇಲ್ಲದವರು ಪೂಜೆ ಬಿಡಬೇಕು ಎಂದು ನಾನು ಓದಿದ ಯಾವ ಪುಟದಲ್ಲೂ ಇಲ್ಲ. ಒಂದು ಸಂಜೆ ಗಟ್ಟಿಯಾಗಿ ಓದುವಾಗ ಅವ್ವ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ನನ್ನ ಓದನ್ನು ನಡುವೆ ತಡೆದು ಅವಳು ಅಂದದ್ದು ಇಷ್ಟು: “ನಿನಗ ಲಿಂಗ ಕಟ್ಟಿದ್ದು ನೀ ಹುಟ್ಟಿದ ಮ್ಯಾಲಲ್ಲ ಸೂಗಿ. ಎಂಟನೇ ತಿಂಗಳದಾಗ ನನ್ನ ಹೊಟ್ಟಿ ಮ್ಯಾಲೇ ಕಟ್ಟಿದ್ರು.”

ಆ ರಾತ್ರಿ ನನಗೆ ಉತ್ತರ ಸಿಕ್ಕಿತು. ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟಿದರು. ಆ ಕೂಸಿಗೆ ಅಂಗೈ ಇದೆಯೋ ಇಲ್ಲವೋ ಎಂದು ಯಾವ ಅಯ್ಯನವರೂ ಕೇಳಲಿಲ್ಲ. ಕೇಳದೆ ಕೊಟ್ಟದ್ದನ್ನು ಅಂಗೈ ಹೋಯಿತೆಂದು ಮುಚ್ಚಿಸುವ ಹಕ್ಕು ಯಾರಿಗಿದೆ? ಈ ಪ್ರಶ್ನೆಯನ್ನು ಸೋಮವಾರ ಅಯ್ಯನವರಿಗೆ ಹಿರಿಯರ ಎದುರಿಗೆ ಕೇಳುತ್ತೇನೆ. ಅವರಿಗೆ ಮೊದಲೇ ತಿಳಿಸಿಡಿ. ಯೋಚಿಸಲು ಸಮಯ ಸಿಗಲಿ.

ಹಕ್ಕು ಇದ್ದರೆ ಸಾಲದು, ಕೈ ಸ್ಥಿರವಾಗಬೇಕು. ಲಿಂಗ ಕೆಳಗೆ ಬಿದ್ದರೆ ಎಷ್ಟು ದೊಡ್ಡ ಅಪಚಾರ ಎಂಬುದು ನಿಮ್ಮ ಮನೆಯಲ್ಲೂ ಗೊತ್ತು. ಮೊಂಡುಗೈ ಮೇಲೆ ನೀರು ತುಂಬಿದ ಬಟ್ಟಲಿಟ್ಟುಕೊಂಡು ಕೂರತೊಡಗಿದೆ. ನೀರು ತೊಡೆಯ ಮೇಲೆ ಚೆಲ್ಲುತ್ತಿತ್ತು. “ನನ ಮಗಳಿಗಿ ದಿನಾ ಎರಡ್ ಸಲ ಜಳಕ” ಎಂದು ಅವ್ವ ನೆರೆಯವರಿಗೆ ಹೇಳಿಕೊಂಡು ತಿರುಗಿದಳು. ಎಷ್ಟೋ ದಿನ ಕುಳಿತರೂ ನೀರಿನ ಮೇಲೆ ಸಣ್ಣ ನಡುಕ ಉಳಿದೇ ಇತ್ತು. ನನ್ನಿಂದ ಆಗದು ಎಂದು ಬಿಟ್ಟೇಬಿಟ್ಟಿದ್ದೆ. ಒಂದು ಮುಂಜಾನೆ ಬಟ್ಟಲನ್ನು ನೆಲದ ಮೇಲೆ ಇಟ್ಟಾಗಲೂ ನೀರು ನಡುಗಿತು. ನೋಡಿದರೆ, ಜಂಕ್ಷನ್ನಿನಲ್ಲಿ ಗೂಡ್ಸು ಗಾಡಿ ಹೋಗುತ್ತಿತ್ತು. ಆ ನಡುಕ ರೈಲಿನದು, ನನ್ನದಲ್ಲ. ನನ್ನದು ಯಾವಾಗಲೋ ನಿಂತಿತ್ತು. ಯಾವ ನಡುಕ ನನ್ನದು, ಯಾವುದು ಹೊರಗಿನದು ಎಂದು ಅಂದಿನಿಂದ ಬೇರೆ ಮಾಡಿ ನೋಡುತ್ತೇನೆ. ಜನರ ಮಾತಿನಲ್ಲಿ ಕೂಡ.

ಕೊಡ ಹೊರುವಾಗ ತಲೆಯ ಮೇಲೆ ಸಿಂಬಿ ಇಡುತ್ತೇವಲ್ಲ, ಅಂಥದೇ ಪುಟ್ಟ ಸಿಂಬಿಯನ್ನು ಬಿಳಿ ಬಟ್ಟೆ ಸುತ್ತಿ ಮಾಡಿ ಮೊಂಡುಗೈಗೆ ಕಟ್ಟಿಕೊಂಡೆ. ತಲೆಯ ಮೇಲೆ ಕೊಡ ನಿಲ್ಲುವುದಾದರೆ ಅದರ ಮೇಲೆ ಲಿಂಗ ನಿಲ್ಲಲೇಬೇಕು. ಅವ್ವ ಎದುರು ಕುಳಿತು ಕೆಳಗೆ ಸೆರಗು ಚಾಚಿದಳು. ಬಲಗೈಯಿಂದ ಕರಡಿಗೆ ತೆರೆದು ಲಿಂಗವನ್ನು ಸಿಂಬಿಯ ಮೇಲೆ ಇಟ್ಟೆ. ವಿಭೂತಿ ಹಚ್ಚಿದೆ, ನೀರು ಎರೆದೆ, ಪತ್ರಿ ಏರಿಸಿದೆ, ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಅವ್ವ ಸೆರಗು ತೆಗೆದುಕೊಂಡು ಒಲೆ ಹಚ್ಚಲು ಎದ್ದು ಹೋದಳು. ಅವಳು ಕೊಟ್ಟ ಸರ್ಟಿಫಿಕೇಟು ಅದು. ಅಂದಿನಿಂದ ಒಂದು ದಿನವೂ ಪೂಜೆ ತಪ್ಪಿಲ್ಲ.

ಸೋಮವಾರ ಏನು ನಡೆಯುತ್ತದೆ ಎಂಬುದನ್ನು ಅತ್ತೆಯವರಿಗೆ ಓದಿ ಹೇಳಿ. ಪೂಜೆ ಮಾಡಿ ತೋರಿಸು ಎಂದರೆ ತೋರಿಸುವುದಿಲ್ಲ. ಲಿಂಗಪೂಜೆ ಹೆಣ್ಣು ನೋಡುವ ಶಾಸ್ತ್ರವಲ್ಲ. ನನ್ನ ಹೊತ್ತಿಗೆ, ದೇವರ ಕೋಣೆಯಲ್ಲಿ, ನನ್ನ ಪಾಡಿಗೆ ಮಾಡುತ್ತೇನೆ. ಬಾಗಿಲು ಮುಚ್ಚುವುದಿಲ್ಲ, ಕಣ್ಣಿದ್ದವರು ನೋಡಲಿ. ಆಮೇಲೆ ನಿಮ್ಮ ಅಡಿಗೆಮನೆಯ ಪರಸಿಯ ಮೇಲೆ ರೊಟ್ಟಿ ಬಡಿಯುತ್ತೇನೆ. ಅದೂ ಪರೀಕ್ಷೆಗಲ್ಲ, ಬಂದ ಹಿರಿಯರು ಹಸಿದಿರುತ್ತಾರೆ, ನಾನೂ ಹಸಿದಿರುತ್ತೇನೆ. ಅವರು ಬೇಡ ಎಂದು ತೀರ್ಮಾನ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡು ಅದೇ ಮನೆಯಲ್ಲಿ ಉಣ್ಣುತ್ತೇನೆ.

ಆಡಕಿಯ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನೂ ನಾಳೆ ಅದೇ ಮಷೀನಿನ ಮುಂದೆ ಕೂರಿಸುತ್ತೀರಿ. ಅವಳ ಎರಡೂ ಕೈ ಚೆನ್ನಾಗಿರಲಿ.

ನಿಮ್ಮ ಮೇಲೆ ಸಿಟ್ಟಿದೆಯೇ ಎಂದರೆ, ಇದೆ. ನೀವು ಎರಡು ಸಲ ವಾಡಿಗೆ ಬಂದು, ಸ್ಟೇಷನ್ನಿನಲ್ಲೇ ಅಪ್ಪನ ಕೈಯ ಚಹಾ ಕುಡಿದು, ಮನೆಗೆ ಬಾರದೆ ಹೋದಿರಿ. ಅಪ್ಪ ಸಂಜೆ ಬಂದು, “ಅಳಿಯಂದ್ರು ಬಂದಿದ್ರು. ಸಕ್ರಿ ಹೆಚ್ಚಿಗಿ ಕೇಳಿದ್ರು” ಎಂದಷ್ಟೇ ಹೇಳಿದ. ಎರಡೂ ಸಲ ನಾನು ರಾತ್ರಿಯ ಊಟಕ್ಕೆ ಒಂದು ರೊಟ್ಟಿ ಹೆಚ್ಚು ಬಡಿದಿದ್ದೆ, ತಡವಾಗಿ ಬಂದರೂ ಬರಬಹುದು ಎಂದು.

ಸೋಮವಾರ ಅಪ್ಪ ನನ್ನ ಜೊತೆ ಬರುತ್ತಾನೆ. ಹಿಂದಿರುಗುವ ಟಿಕೀಟು ಅವನೊಬ್ಬನಿಗೇ ತೆಗೆಸುತ್ತೇವೆ.

ಇಂತು,
ನಿಮ್ಮ ಮನೆಯಾಕೆ
ಸೂಗಮ್ಮ

ಮರೆತಿದ್ದು: ಇದನ್ನು ಅತ್ತೆಯವರಿಗೆ ಓದಬೇಕಿಲ್ಲ. ಅಂದು ನಾನು ಒಬ್ಬಳೇ ಮಷೀನು ನಡೆಸಲು ಹೋಗಿರಲಿಲ್ಲ. ಕಣಕಿ ಕೊಡುತ್ತಿದ್ದವಳು ನಾನು, ಚಕ್ರ ತಿರುಗಿಸುತ್ತಿದ್ದವರು ನೀವು. ಕಣಕಿ ಸಿಕ್ಕಿಕೊಂಡಿತು, ನಿಂದರ್ರಿ ಎಂದು ಕೂಗಿದೆ. ನೀವು ಬೇಲಿಯಾಚೆಯವರ ಜೊತೆ ನಗುತ್ತ ಮಾತಾಡುತ್ತಿದ್ದಿರಿ, ಚಕ್ರ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಮಂಚದ ಹತ್ತಿರ ಕುಳಿತು, “ಅವ್ವಗ ಹೇಳಬ್ಯಾಡ” ಎಂದು ಅತ್ತಿರಿ. ನಾನು ಯಾರಿಗೂ ಹೇಳಿಲ್ಲ. ನಿಮ್ಮ ಚಹಕ್ಕೆ ಸಕ್ಕರೆ ಹಾಕುವ ಅಪ್ಪನಿಗೂ ಗೊತ್ತಿಲ್ಲ. ಸೋಮವಾರವೂ ನಾನು ಹೇಳುವುದಿಲ್ಲ. ಆಕೆಯ ಖಬರ್ ಎಲ್ಲಿತ್ತೋ ಎಂದು ಅತ್ತೆಯವರು ಮತ್ತೆ ಅನ್ನುವಾಗ ನೀವು ಅಲ್ಲೇ ಇರುತ್ತೀರಿ. ಹೇಳುವ ಪಾಳಿ ನಿಮ್ಮದು.

ಸೋಮವಾರ ನಮ್ಮ ಪ್ಯಾಸೆಂಜರು ನಿಮ್ಮ ಚಿತ್ತಾಪುರಕ್ಕೆ ಬೆಳಿಗ್ಗೆ ಎಂಟೂವರೆಗೆ ಬರುತ್ತದೆ. ಸ್ಟೇಷನ್ನಿಗೆ ಬನ್ನಿ.