ನೀನು ಕೂತು ನೋಡದ ಗಾಡಿ

ನನ್ನ ಅಪ್ಪನಿಗೆ,

ನೀನು ಹೋದ ಮೇಲೆ ಯಾವ ಶೋರೂಮಿನ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದುಕೊಂಡಿದ್ದೆ. ಈ ತಿಂಗಳು ಮೂರು ಕಡೆ ಹತ್ತಿದೆ, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು. ನಿನಗೆ ಹೇಳದೆ ಗಾಡಿ ನೋಡುವುದೆಂದರೆ ನಿನ್ನ ತಾಟಿನಿಂದ ಕದ್ದು ತಿಂದ ಹಾಗೆ ಅನಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಯಿತು. ಅಲ್ಲಲ್ಲಿ ಮಾತು ತಪ್ಪಿದರೆ ನೀನೇ ತಿದ್ದಿಕೊಂಡು ಓದು.

ಚಿಂಚವಾಡದ ನಮ್ಮ ಭಾನುವಾರಗಳು ನೆನಪಿವೆಯಾ? ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೊಳ್ಳುವ ಯೋಚನೆಯೇ ಇಲ್ಲದ ಗಾಡಿಗಳನ್ನು ನೋಡಲು ನಾವಿಬ್ಬರೂ ಹೊರಡುತ್ತಿದ್ದೆವು. ಅವ್ವ ಬೈದರೆ ನೀನು "ಕುಂತು ನೋಡಾಕ ರೊಕ್ಕ ಹತ್ತತಾವೇನ?" ಅನ್ನುತ್ತಿದ್ದೆ. ನಿನ್ನ ಚೀಲದಲ್ಲಿ ಮುಚ್ಚಳವಿರುವ ಹಿತ್ತಾಳೆ ತಂಬಿಗೆ ಇರಲೇಬೇಕು. ಬಾಗಿಲಿನ ಖಾನೆಯಲ್ಲಿ ಅದು ಕೂಡದಿದ್ದರೆ ಎಷ್ಟೇ ದೊಡ್ಡ ಗಾಡಿಯಾದರೂ ನಪಾಸು. ಒಮ್ಮೆ ಸೇಲ್ಸ್‌ನವನು ನಗುತ್ತ, ಅದು ಬಾಟಲಿ ಇಡುವ ಜಾಗ ಕಾಕಾ ಎಂದು ಮರಾಠಿಯಲ್ಲಿ ಹೇಳಿದಾಗ ನೀನು ನನ್ನ ಕಡೆ ತಿರುಗಿ, "ನಮ್ಮನ್ಯಾಗ ಬಾಟ್ಲಿ ಹಿಡಿಯೋರು ಯಾರೂ ಇಲ್ಲಂತ ಹೇಳು ಇವಗ" ಅಂದೆ. ಅವನು ಕೊಟ್ಟ ಕಾಫಿ ನನ್ನ ಮೂಗಿನಿಂದ ಬಂತು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೂ ನೀನೇ. ಆಗ ನನಗೆ ಭಯವೆಂದರೆ ಕ್ಲಚ್ಚು ಮಾತ್ರ.

ಗೌರಿಯನ್ನು ನೀನು ನೋಡಲಿಲ್ಲ. ನಿನ್ನ ಮೂಗು, ನಿನ್ನ ಸಿಟ್ಟು. ಅವಳ ಸೊಂಟದ ಕೀಲು ಹುಟ್ಟುವಾಗಲೇ ಗುಳಿಯಿಂದ ಜಾರಿತ್ತಂತೆ. ನಮಗೆ ತಿಳಿದದ್ದು ತಡವಾಗಿ. ಈಗ ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್. ಎರಡೂ ಕಾಲುಗಳನ್ನು ಅಗಲಿಸಿ, ಕಪ್ಪೆ ಕೂತ ಹಾಗೆ ಕಟ್ಟಿದ್ದಾರೆ. ಪ್ಲಾಸ್ಟರ್ ಬದಲಿಸಲು ಊರಿನ ಆ ತುದಿಯ ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಬೇಕು. ಒಮ್ಮೆ ರಿಕ್ಷಾ ಗುಂಡಿಗೆ ಬಿದ್ದು ಪ್ಲಾಸ್ಟರಿನ ಅಂಚು ಬಿರಿಯಿತು, ಎಲ್ಲ ಒಡೆದು ಹೊಸದಾಗಿ ಕಟ್ಟಿದರು. ಅವತ್ತಿನ ಅವಳ ಅಳು… ಬೇಡ ಬಿಡು. ಮನೆಗೆ ಬಂದು ನಿನ್ನ ಅಳಿಯ ಪ್ರಸನ್ನ ಹೇಳಿದ್ದು ಒಂದೇ ಮಾತು: "ಸುಮಿ, ಗಾಡಿ ತಗೊಳ್ಳೂಣು. ನೀ ಹೂಂ ಅನ್ನೂ ತನಕಾ ನಾ ಏನೂ ಮಾಡಂಗಿಲ್ಲ." ಪ್ರಸನ್ನ ಹೊಸ ಕಂಪನಿಗೆ ಸೇರಿದ್ದಾರೆ, ಆಸ್ಪತ್ರೆಯ ದಿನಗಳಲ್ಲಿ ರಜೆ ಸಿಗುವುದಿಲ್ಲ. ಗಾಡಿ ಬಂದರೆ ಓಡಿಸುವವಳು ನಾನೇ. ನಿನ್ನನ್ನು ತಿಂದ ರಸ್ತೆಗೆ ನನ್ನ ಮಗಳನ್ನು ನನ್ನ ಕೈಯಾರೆ ಒಯ್ಯಬೇಕು. ಇದಕ್ಕೆ ಯಾವ ತಾಯಿ ಹೂಂ ಅನ್ನುತ್ತಾಳೆ, ಅಪ್ಪಾ? ಆದರೂ ಹೂಂ ಅಂದೆ.

ಮೊದಲ ಶೋರೂಮಿಗೆ ಹೋದಾಗ ಪ್ರಸನ್ನರ ಹೆಗಲ ಮೇಲೆ ಆಸ್ಪತ್ರೆಯವರು ಬಾಡಿಗೆಗೆ ಕೊಟ್ಟ ಮಕ್ಕಳ ಸೀಟಿತ್ತು, ಅಗಲಿಸಿದ ಕಾಲಿಗೆ ತಾಗದಂತೆ ಅಂಚು ತಗ್ಗಿಸಿದ್ದು. ನಿನ್ನ ತಂಬಿಗೆಯ ಜಾಗದಲ್ಲಿ ಈಗ ಇದು. ಅಲ್ಲಿನ ಗಾಡಿಯ ಸೀಟು ಗಾದಿಯಂತೆ ಮೆತ್ತಗಿತ್ತು, ಎತ್ತರಕ್ಕೆ ಕೂತರೆ ಮುಂದಿನ ರಸ್ತೆಯೆಲ್ಲ ಕಾಣುತ್ತಿತ್ತು. ನೀನಾಗಿದ್ದರೆ ಬೆನ್ನು ಆನಿಸಿ, ಕಣ್ಣು ಮುಚ್ಚಿ, "ಮನ್ಯಾಗ ಕುಂತಂಗ ಆತ ನೋಡು" ಅನ್ನುತ್ತಿದ್ದೆ. ಆದರೆ ಹಿಂದಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಗೌರಿಯನ್ನು ಓರೆ ಮಾಡದೆ ಒಳಗೆ ಇಡಲಾಗಲಿಲ್ಲ. ಓರೆ ಮಾಡಿದ ಕೂಡಲೇ ಅವಳು ಚೀರಿದಳು. ಕಾಫಿ ಬರುವ ಮುಂಚೆಯೇ ಎದ್ದು ಬಂದೆವು. ಎರಡನೆಯದರಲ್ಲಿ ಎಲ್ಲಿ ಕೈಯಿಟ್ಟರೂ ಒಂದು ಖಾನೆ. ಹಾಲಿನ ಬಾಟಲಿಗೆ, ಡೈಪರಿಗೆ, ಔಷಧಿ ತಂಪಾಗಿಡಲು ಸಹ. ಬಾಗಿಲೂ ಅಗಲ. ಓಡಿಸಿ ನೋಡಿದ ಪ್ರಸನ್ನ ಮಾತ್ರ ಮುಖ ಸಣ್ಣದು ಮಾಡಿದರು. "ಭಾಳ ಬಿರುಸದ. ಹರಳಿನ ಮ್ಯಾಲೆ ಹೋದ್ರೂ ಬೆನ್ನಿಗೆ ಗೊತ್ತಾಗತದ." ಬೆನ್ನಿಗೆ ಗೊತ್ತಾಗುವುದು ಪ್ಲಾಸ್ಟರಿಗೆ ಗೊತ್ತಾಗದೆ ಇರುತ್ತದೆಯೇ?

ಆ ಶೋರೂಮಿನಲ್ಲೇ ಆ ಮಾತು ಬಂತು. ಸೇಲ್ಸ್ ಹುಡುಗಿ ಪಾಪ, ನಗುನಗುತ್ತ ಗಾಡಿಯ ಹಿಂದೆ ಹೋಗಿ, "ಮ್ಯಾಡಮ್, ಡಿಕ್ಕಿ ಬಘಾ, ಕಿತೀ ಮೋಠೀ ಆಹೇ!" ಅಂದಳು. ಸಾಮಾನಿಡುವ ಜಾಗ ಎಷ್ಟು ದೊಡ್ಡದಿದೆ ನೋಡಿ ಅಂದಳು, ಅಷ್ಟೇ. ಪ್ರಸನ್ನ ಓಡಿ ಬಂದು ಗೌರಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ನನ್ನನ್ನು ಯಾರು ಕುರ್ಚಿಗೆ ಕೂರಿಸಿದರೋ ಗೊತ್ತಿಲ್ಲ.

ನಿನಗೆ ಇದು ಗೊತ್ತಿರಲಾರದು. ನೀನು ವಿಜಯಪುರದಿಂದ ನನ್ನ ಕುಬಸದ ಸಾಮಾನು ತುಂಬಿಕೊಂಡು ಬರುತ್ತಿದ್ದೆ. ನಾನು ತುಂಬು ಬಸುರಿ, ನಿನ್ನ ಮನೆಯಲ್ಲೇ ಕೂತು ಸೀಮಂತಕ್ಕೆ ಹಸಿರು ಬಳೆ ಆರಿಸುತ್ತಿದ್ದೆ. ನಿನ್ನ ಪಕ್ಕದಲ್ಲಿ ಕೂತಿದ್ದ ಶಿವು ಕಾಕಾ ಫೋನ್ ಮಾಡಿದರು. "ಸುಮೀ, ಇಂದಾಪುರ ದಾಟಿ ಬಂದಿದ್ವಿ… ಗಾಡಿ ಡಿಕ್ಕಿ ಆಗ್ಯದವಾ." ಪುಣೆಯಲ್ಲೇ ಹುಟ್ಟಿ ಬೆಳೆದ ನನಗೆ ಡಿಕ್ಕಿ ಎಂದರೆ ಒಂದೇ. ನಮ್ಮ ಹಳೆಯ ಗಾಡಿಯ ಹಿಂಬದಿಯ ಡಿಕ್ಕಿ, ಎಷ್ಟು ಬಡಿದರೂ ಕೂಡದೆ, ನೀನು ಹಗ್ಗ ಕಟ್ಟಿ ಓಡಿಸುತ್ತಿದ್ದದ್ದು. ನಾನು ನಕ್ಕೆ. "ಮತ್ತ ತಗೀತೇನ್ರಿ ಕಾಕಾ? ಹಗ್ಗ ಬಿಗದು ಕಟ್ರಿ. ನನ್ನ ಕುಬಸದ ಸಾಮಾನು ಬಿದ್ದಾವು!" ಆ ಕಡೆಯಿಂದ ಲಾರಿಗಳ ಸದ್ದು ಮಾತ್ರ ಕೇಳಿತು. ಆಮೇಲೆ ಕಾಕಾ, "ಹೂಂ ಅವ್ವಾ. ಕಟ್ಟತೀನಿ" ಅಂದರು.

ಅಷ್ಟೇ. ಫೋನ್ ಇಟ್ಟು ನಾನು ಅವ್ವನಿಗೆ ಹೇಳಿ ಇನ್ನೊಮ್ಮೆ ನಕ್ಕೆ. "ನಿಮ್ಮಪ್ಪಗ ಎಷ್ಟ ಸಲ ಹೇಳೀನಿ, ರಿಪೇರಿ ಮಾಡಸ್ರಿ ಅಂತ" ಎಂದು ಅವ್ವ ಗೊಣಗಿದಳು. ಪ್ರಸನ್ನ ಬಂದು ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಲ್ಲುವವರೆಗೂ ನಾವಿಬ್ಬರೂ ನಿನ್ನನ್ನು ಬೈಯುತ್ತ ಸುಖವಾಗಿದ್ದೆವು. ರಸ್ತೆಯ ಬದಿಯಲ್ಲಿ ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ಮನುಷ್ಯನ ಬಾಯಿಂದ "ಹೂಂ, ಕಟ್ಟತೀನಿ" ಅನ್ನಿಸಿದೆ ನಾನು. ಕಾಕಾ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ. ಕಣ್ಣು ಮುಚ್ಚಿದರೆ ಸಾಕು, ನನ್ನ ನಗು ನನಗೇ ಕೇಳಿಸುತ್ತದೆ. ನಿದ್ದೆ ಎಲ್ಲಿಂದ ಬರಬೇಕು?

ಮೂರನೆಯ ಗಾಡಿಯ ಬಗ್ಗೆ ಹೇಳಬೇಕು. ಒಳಗೆ ನೋಡಿದರೆ ಬಡವರ ಮನೆ. ಖಾನೆ ಕಡಿಮೆ, ಪ್ಲಾಸ್ಟಿಕ್ ಒರಟು. ಆದರೆ ಬಾಗಿಲು ಪೂರಾ ತೆರೆಯಿತು, ಮಕ್ಕಳ ಸೀಟು ಅಲುಗಾಡದೆ ಕೂತಿತು, ಗೌರಿಯನ್ನು ನೇರವಾಗಿ ಎತ್ತಿ ನೇರವಾಗಿ ಇಟ್ಟೆ. ಪ್ರಸನ್ನ ಓಡಿಸಿದರು, ನಾನು ಹಿಂದೆ ಅವಳ ಪಕ್ಕ ಕೂತೆ. ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚಿದೆ. ಗಾಡಿ ಒಮ್ಮೆ ಮೆಲ್ಲಗೆ ಕುಗ್ಗಿ ಎದ್ದು ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ. ಗೌರಿ ನಿದ್ದೆ ಹೋದಳು. ಪ್ಲಾಸ್ಟರ್ ಕಟ್ಟಿದಂದಿನಿಂದ ಮಡಿಲು ಬಿಟ್ಟು ಬೇರೆಲ್ಲೂ ಮಲಗದವಳು, ಬಾಯಿ ತೆರೆದು ಮಲಗಿದ್ದಳು. ಅವಳನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ನೀನೂ ಹೀಗೇ ಬಾಯಿ ತೆರೆದು ಮಲಗುತ್ತಿದ್ದೆಯಲ್ಲ… ನಾನು ಕಿಟಕಿ ಇಳಿಸಿದೆ.

"ಈಗ ನೀ ಹೊಡಿ" ಎಂದು ಪ್ರಸನ್ನ ಇಳಿದರು. ಕೂತೆ. ಸ್ಟೀರಿಂಗ್ ಒಂದು ಬೆರಳಿಗೆ ತಿರುಗುವಷ್ಟು ಹಗುರ, ಕ್ಲಚ್ಚು ಬೆಣ್ಣೆ. ನೀನು ಕಲಿಸಿದ್ದೆಲ್ಲ ಕೈಕಾಲಿಗೆ ನೆನಪಿತ್ತು. ಶೋರೂಮಿನ ಗೇಟಿನವರೆಗೆ ಬಂದೆ. ಎದುರಿಗೆ ಒಂದು ಲಾರಿ ನಿಂತಿತ್ತು, ಸುಮ್ಮನೆ ನಿಂತಿತ್ತು. ಬ್ರೇಕಿನ ಮೇಲಿಟ್ಟ ಕಾಲನ್ನು ನನಗೆ ತೆಗೆಯಲಾಗಲಿಲ್ಲ. ಹಿಂದೆ ಹಾರ್ನ್ ಶುರುವಾಯಿತು. "ಇರ್ಲಿ ಬಾ," ಅಂದರು ಪ್ರಸನ್ನ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಆದರೂ ಅದನ್ನೇ ತೆಗೆದುಕೊಂಡೆವು. ಯಾರೂ ಒಯ್ಯದೆ ಉಳಿದಿದ್ದ ಕೇಸರಿ ಬಣ್ಣದ್ದೊಂದು ತಯಾರಿತ್ತು, ಕಾಯಬೇಕಿರಲಿಲ್ಲ. ನಿನ್ನೆ ಮನೆಗೆ ಬಂತು. ಪ್ರಸನ್ನ ತೆಂಗಿನಕಾಯಿ, ಲಿಂಬೆಹಣ್ಣು ತಂದಿದ್ದರು. ಅವ್ವ ಗೌರಿಯನ್ನು ಎತ್ತಿಕೊಂಡು ಪಾರ್ಕಿಂಗಿನ ಕಂಬದ ಹಿಂದೆ ನಿಂತಿದ್ದಳು.

"ಅವ್ವಾ, ಕುಂಕುಮ ಹಚ್ಚು ಬಾ."

"ನಾ ಒಲ್ಲೆವಾ. ನೀನ ಹಚ್ಚು."

"ನೀ ಹಚ್ಚದಿದ್ರ ಹಂಗ ಇರ್ಲಿ ಅದು."

"ಹಟ ಮಾಡಬ್ಯಾಡ ಸುಮೀ. ಕೂಸಿನ ಗಾಡಿ ಅದ."

ನೀನಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಂದು ಚಿಟಿಕೆ ಕುಂಕುಮಕ್ಕೆ ಹೆದರುತ್ತಾಳೆ. ನಾನು ರಸ್ತೆಗೆ ಹೆದರುತ್ತೇನೆ. ನೀನು ಬಿಟ್ಟುಹೋದ ಇಬ್ಬರು ಹೆಂಗಸರು ಹೀಗಾಗಿದ್ದೇವೆ. ನಾನೇ ಹಚ್ಚಿದೆ, ಸ್ವಸ್ತಿಕ ಸೊಟ್ಟಗಾಯಿತು. ಪ್ರಸನ್ನ ಗಾಡಿಯನ್ನು ಲಿಂಬೆಹಣ್ಣಿನ ಮೇಲೆ ಹತ್ತಿಸಿದಾಗ ಬಂದ ಸಣ್ಣ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ. ಪಕ್ಕದ ಫ್ಲ್ಯಾಟಿನವರು ನೋಡಿ ನಕ್ಕರು.

ಗುರುವಾರ ಪ್ಲಾಸ್ಟರ್ ಬದಲಿಸುವ ದಿನ. ಕೀಲು ಗುಳಿಯಲ್ಲಿ ಕೂತಿದೆಯೋ ಇಲ್ಲವೋ ಅವತ್ತು ತಿಳಿಯುತ್ತದೆ. ಕೂತಿರದಿದ್ದರೆ ಮತ್ತೆ ಆಪರೇಷನ್. ಒಂದು ದಿನಕ್ಕೆ ಡ್ರೈವರ್ ಕರೆಸೋಣ ಎಂದು ಪ್ರಸನ್ನ ಹೇಳಿದರು. ನಾನು ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಬಂದಳು. ನಿನ್ನ ನಂತರ ಅವಳು ಯಾವ ಕಾರನ್ನೂ ಹತ್ತಿಲ್ಲ, ಎಲ್ಲಿಗೆ ಹೋದರೂ ಬಸ್ಸು, ಇಲ್ಲವೇ ಲೋಕಲ್ಲು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು, "ಕೂಸಿನ ಬಾಜೂಕ ನಾ ಕೂಡತೀನಿ. ಆದ್ರ ಇಕಿ ಹೊಡದ್ರ ಅಷ್ಟ. ಬ್ಯಾರೆ ಯಾರ ಹೊಡದ್ರೂ ನಾ ಹತ್ತಂಗಿಲ್ಲ."

ಯಾಕೆ ಎಂದು ಕೇಳಿದೆ. "ನಿಮ್ಮಪ್ಪ ಕಲಿಸ್ಯಾನ ನಿನಗ" ಎಂದು ಮತ್ತೆ ಒಳಗೆ ಹೋದಳು.

ನನಗೆ ಧೈರ್ಯ ಬಂದಿದೆ ಎಂದು ತಿಳಿಯಬೇಡ, ಅಪ್ಪಾ. ಬಂದಿಲ್ಲ. ಆದರೆ ಗುರುವಾರ ಅವ್ವನನ್ನೂ ನಿನ್ನ ಮೊಮ್ಮಗಳನ್ನೂ ಹಿಂದೆ ಕೂರಿಸಿಕೊಂಡು ನಮ್ಮ ಗೇಟು ದಾಟುತ್ತೇನೆ. ಅಳುತ್ತ ಓಡಿಸಬೇಕಾದರೆ ಅಳುತ್ತಲೇ ಓಡಿಸುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ನಿನ್ನ,
ಸುಮಿ