ಬೂಷ್ಟು ಅಳೆದ ಲೆಕ್ಕ

ನವೆಂಬರ್ ೧೨, ಮಂಗಳವಾರ. ಬಿಳೇಕಹಳ್ಳಿ.

ವೇಣು ಸಾರ್ ನಮ್ಮ ಲ್ಯಾಬಿನ ಮುಖ್ಯಸ್ಥರಂತೆ! ಗೋಧಿ ಬೂಸಾದಲ್ಲಿ ಬೆಳೆಸಿದ ಬೂಷ್ಟು ಒಳಗೆಲ್ಲ ಎಳೆ ಇಳಿಸಿಬಿಡುತ್ತದೆ, ಬಿಡಿಸಿ ತೂಗಲಾಗದು. ಅದಕ್ಕೇ ಅದರ ಕೋಶಗೋಡೆಯಲ್ಲಿರುವ ಗ್ಲುಕೋಸಮೈನ್ ಎಂಬ ಅಂಶ ಅಳೆದು ಬೆಳವಣಿಗೆ ಲೆಕ್ಕ ಹಾಕುವುದು. ಮೂರು ವಾರ ಕೂತು ಅಳೆದೆ. ಪ್ರತಿ ಸಲವೂ ನಾಲ್ಕನೇ ದಿನಕ್ಕೇ ಬೆಳವಣಿಗೆ ನಿಂತಿತ್ತು.

ಈ ಮಹಾನುಭಾವರು ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. "ಎಷ್ಟ್ ಬೆಳ್ಳಗಿದೆ ನೋಡಿ ಲತಾಮಣಿ! ಗ್ರಾಫು ಏಳನೇ ದಿನದವರೆಗೂ ಏರ್ಲಿ."

"ಅಳತೆ ಹಾಗೆ ಬಂದಿಲ್ಲ ಸಾರ್."

"ಅಳತೆ ಯಾರ್ ನೋಡ್ತಾರೆ? ನಾಡಿದ್ದು ದುಡ್ಡು ಹಾಕೋ ಕಂಪನಿಯವ್ರು ಬರ್ತಾರೆ."

ಹುಳಿಮಾವಿನಲ್ಲಿರುವ ನಮ್ಮತ್ತೆಯ ಎಮ್ಮೆಯಾದರೂ ಬೂಸಾವನ್ನು ಮೂಸಿ ನೋಡಿ ಬಾಯಿ ಹಾಕುತ್ತದೆ. ಇವರಿಗೆ ಅಷ್ಟೂ ಇಲ್ಲ.

ಗ್ರಾಫ್ ಬದಲಿಸಲಿಲ್ಲ. ನಿಜವಾದ ಅಂಕಿಗಳನ್ನೇ ಕಂಪನಿಗೆ ಮೇಲ್ ಮಾಡಿ, ಸಾರ್‌ಗೂ ಒಂದು ಪ್ರತಿ ಕಳಿಸಿದೆ. ಸಂಜೆ ಸಾರ್ ಫೋನ್ ಬಂತು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೇ ಎತ್ತಿದೆ.

"ಏನಮ್ಮಾ ಹೀಗ್ ಮಾಡ್ಬಿಟ್ರಿ? ತಪ್ಪಾಗಿ ಹೋಯ್ತು ಅಂತ ಇನ್ನೊಂದ್ ಮೇಲ್ ಹಾಕಿ. ನಿಮ್ ದಮ್ಮಯ್ಯ."

ಗದರಿದ್ದರೆ ಒಂದಿಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು. "ಆಗಲ್ಲ ಸಾರ್" ಎಂದು ಇಟ್ಟುಬಿಟ್ಟೆ. ನಾಳೆ ಕೆಲಸ ಇರುತ್ತದೋ ಇಲ್ಲವೋ, ಅದು ಕಾಡುತ್ತಿಲ್ಲ. ಈ ಮನುಷ್ಯ ಒಳಗೆ ಬಂದಾಗಲೆಲ್ಲ, ಆರು ವರ್ಷ, ನಾನು ಎದ್ದು ನಿಂತಿದ್ದೇನಲ್ಲ, ಅದು ಕಾಡುತ್ತಿದೆ.