ಮಧುವಿನ ನಿದ್ದೆ

೪ ಫೆಬ್ರವರಿ ೨೦೨೫, ಸಂಜೆ

ಬಡವನಹಳ್ಳಿ ಪೋಸ್ಟಾಫೀಸು. ಪಾರ್ಸೆಲ್ ತಂದವನು ಕೌಂಟರ್ ಮುಂದೆಯೇ ಟೇಪ್ ಎಳೆದ — ಪರ್ರ್ ಅಂತ. ನನ್ನ ಕೈಯಲ್ಲಿದ್ದ ಮೊಹರು ಬಿತ್ತು. ಒಳಗೆ ಹೋಗಿ ನೀರು ಕುಡಿದು ಬಂದೆ. ನನ್ನ ಆಪರೇಷನ್ ಆಗಿ ಒಂಬತ್ತು ತಿಂಗಳು. ಅಂದು ಅರಿವಳಿಕೆ ಕೊಟ್ಟಾಗ ಕಣ್ಣು ಮುಚ್ಚಿ ಅಂಟಿಸಿದ್ದ ಟೇಪ್ ಕಿತ್ತ ಸದ್ದು ಇನ್ನೂ ಬಿಟ್ಟಿಲ್ಲ.

ಮಧ್ಯಾಹ್ನ ತಂಗಿ ಮಧುಶ್ರೀ ಫೋನು. ನನ್ನ ಹಾಗೆಯೇ ಅವಳಿಗೂ ಪಿತ್ತಕೋಶದಲ್ಲಿ ಕಲ್ಲಂತೆ. ಆಪರೇಷನ್ನೇ ಆಗಬೇಕಂತೆ. "ಭಯ ಆಯ್ತದೆ ಕಣಕ್ಕ" ಅಂದಳು. ಸಮಾಧಾನ ಹೇಳಬೇಕಿತ್ತು. "ಯಾರೋ ಬಂದ್ರು" ಅಂತ ಇಟ್ಟುಬಿಟ್ಟೆ. ಯಾರೂ ಬಂದಿರಲಿಲ್ಲ.

೯ ಫೆಬ್ರವರಿ, ಭಾನುವಾರ

ಮಧುಗಿರಿಗೆ, ಮಧು ಮನೆಗೆ ಹೋಗಿದ್ದೆ. ಅವಳ ಗಂಡ ಗೌರೀಶ್ ಹದಿನೈದು ದಿನ ರಜೆ ಹಾಕಿದ್ದಾನೆ. ಅವ್ವ ಗೌಡಗೆರೆಯಿಂದ ಬಂದು ಗಂಜಿ ಕಾಯಿಸುತ್ತಿದ್ದಾಳೆ. ನನಗಾದಾಗ ಅವ್ವನಿಗೆ ಹೊಲದ ಕೆಲಸವಿತ್ತು. ನನ್ನ ಯಜಮಾನರು ಅರ್ಧ ದಿನ ಇದ್ದು ಹೋದರು.

ಊಟವಾದ ಮೇಲೆ ಮಧು ಮಲಗಿದಳು. ಅಂಗಾತ, ಬಾಯಿ ಬಿಟ್ಟುಕೊಂಡು. ನಾನು ಅಂಗಾತ ಮಲಗುವುದನ್ನೇ ಬಿಟ್ಟಿದ್ದೇನೆ. ಹೊದಿಕೆ ಸ್ವಲ್ಪ ಬಿಗಿಯಾದರೂ ಬೆರಳು ಆಡಿಸಿ ನೋಡಿಕೊಳ್ಳುತ್ತೇನೆ. ಅವಳನ್ನೇ ನೋಡುತ್ತ ನಿಂತೆ. ಆ ನಿದ್ದೆ... ಅಡುಗೆಮನೆಗೆ ಹೋಗಿ ತಟ್ಟೆ ಬೀಳಿಸಿದೆ. ಬೇಕೆಂದೇ. ಬೆಚ್ಚಿ ಎದ್ದಳು. ಒಳಗೊಳಗೇ ಹಾಯೆನಿಸಿತು. ಥೂ.

"ಮಗ ಮಲಗಿತ್ತು ಕಣೆ ವನಜಾ, ತಟ್ಟೆ ನೋಡ್ಕಂಡು ಎತ್ಕಬಾರ್ದಾ?" — ಅವ್ವ. ಮಗುವಂತೆ. ಮೂವತ್ನಾಲ್ಕು ವರ್ಷದ ಮಗು.

೧೦ ಫೆಬ್ರವರಿ

ಬರೆದುಬಿಡುತ್ತೇನೆ. ಶಿರಾದ ಒಂದು ನರ್ಸಿಂಗ್ ಹೋಮ್. ಇಂಜೆಕ್ಷನ್ ಕೊಟ್ಟರು. ಕತ್ತಲು. ಮತ್ತೆ ಎಚ್ಚರ. ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಗಂಟಲಲ್ಲಿ ಕೊಳವೆ. ಡಾಕ್ಟರು ಯಾರಿಗೋ ಮೂಲೆ ಸೈಟಿನ ವಿಷಯ ಹೇಳುತ್ತಿದ್ದರು. ಹೊಟ್ಟೆಯೊಳಗೆ ಎಳೆಯುತ್ತಿದ್ದರು. ಉರಿ. ಕಿರುಚಿದೆ — ತುಟಿ ಅಲ್ಲಾಡಲಿಲ್ಲ. ಒಂದು ಬೆರಳು, ಒಂದೇ ಒಂದು ಬೆರಳು ಎತ್ತಲು ಹೆಣಗಿದೆ...

ಆಮೇಲೆ ಯಜಮಾನರಿಗೆ ಹೇಳಿದೆ. "ಮತ್ತಿನಲ್ಲಿ ಏನೋ ಕನಸು ಬಿದ್ದಿರ್ತದೆ ಬುಡು" ಅಂದರು. ಅವ್ವ, "ಇಂಗೆಲ್ಲ ಯಾರ್ಗೂ ಹೇಳ್ಬ್ಯಾಡ ಕಣಮ್ಮ, ತಲೆ ಕೆಟ್ಟದೆ ಅಂತಾರೆ." ಹೇಳಲಿಲ್ಲ. ಮಧುಗೂ ಹೇಳಲಿಲ್ಲ.

೧೮ ಫೆಬ್ರವರಿ, ತುಮಕೂರು

ನಾಳೆ ಮಧು ಆಪರೇಷನ್. ಅರಿವಳಿಕೆ ಕೊಡುವ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಫಾರಂ ಹಿಡಿದು ಕೇಳಿದರು: "ನಿಮ್ಮ ಮನೇಲಿ ಯಾರಿಗಾದ್ರೂ ಅನಸ್ತೇಷಿಯಾ ಕೊಟ್ಟಾಗ ತೊಂದ್ರೆ ಆಗಿತ್ತಾ?"

"ಯಾರ್ಗೂ ಇಲ್ಲ ಕಣಮ್ಮ" ಅಂದಳು ಅವ್ವ.

ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಯಾಕೆ ಅಂತ ಗೊತ್ತು. ಬರೆಯಲು ಕೈ ಬರುತ್ತಿಲ್ಲ... ಅವಳಿಗೂ ಆಗಲಿ ಅನಿಸಿತು. ಎರಡೇ ನಿಮಿಷ. ಆಗ ಎಲ್ಲರೂ ನಂಬುತ್ತಾರೆ.

ಅದೇ ದಿನ, ಸಂಜೆ ೬

ಕ್ಯಾಂಟೀನ್ ಕಾಫಿ ಅಲ್ಲೇ ಬಿಟ್ಟು ಎದ್ದೆ. ಎರಡು ನಿಮಿಷ ಅಂದೆನಲ್ಲ — ಅದು ಎಷ್ಟು ಉದ್ದ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತು?

ಡಾಕ್ಟರ ರೂಮಿಗೆ ಹೋದೆ. "ಮೇಡಂ, ನಮ್ಮವ್ವ ಹೇಳಿದ್ದು ಸರಿಯಿಲ್ಲ. ನಂಗಾಗಿತ್ತು. ಆಪರೇಷನ್ ಮಧ್ಯೆ ಎಚ್ಚರ ಆಗಿತ್ತು, ಮನೇಲಿ ಕನಸು ಅಂದ್ರು. ನಾನು ಮಧು ಒಡಹುಟ್ಟಿದ ಅಕ್ಕ."

ಪೆನ್ನು ಕೆಳಗಿಟ್ಟರು. ನಗಲಿಲ್ಲ. "ಅದು ಕನಸಲ್ಲ. ಅಪರೂಪಕ್ಕೆ ಹಂಗಾಗುತ್ತೆ. ಹೇಳಿದ್ದು ಒಳ್ಳೇದಾಯ್ತು." ಮೆದುಳು ಎಷ್ಟು ಆಳಕ್ಕೆ ಮಲಗಿದೆ ಅಂತ ತೋರಿಸುವ ಮಾನಿಟರ್ ಹಾಕುತ್ತಾರಂತೆ. ನನಗೂ ಒಂದು ಚೀಟಿ ಬರೆದುಕೊಟ್ಟರು, ಕೌನ್ಸೆಲಿಂಗ್‌ಗೆ.

ಕನಸಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತು ಮುಗಿಯುವ ಮೊದಲೇ ಮತ್ತೆ ಹೊಟ್ಟೆಕಿಚ್ಚು. ನಾನು ಅನುಭವಿಸಿದ್ದರಿಂದ ಅವಳಿಗೆ ಕಾವಲು. ನನಗೆ ಯಾರಿದ್ದರು?

೧೯ ಫೆಬ್ರವರಿ, ಮಧ್ಯಾಹ್ನ ೩

ಮುಗಿಯಿತು. ಅವಳು ಕಣ್ಣು ಬಿಟ್ಟ ಕೂಡಲೇ ಅವ್ವನನ್ನು ಸರಿಸಿ ಕೇಳಿದೆ, "ಒಳಗೆ ಏನಾದ್ರೂ ಕೇಳಿಸ್ತಾ ಮಧು?"

"ಏನೂ ಇಲ್ಲ ಕಣಕ್ಕ... ಚೆನ್ನಾಗಿ ನಿದ್ದೆ ಬಂದಿತ್ತು."

ಎದೆ ಹಗುರಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೆ.

೨೧ ಫೆಬ್ರವರಿ, ಬೆಳಿಗ್ಗೆ ೧೦

ಅವ್ವ ತಿಂಡಿ ತರಲು ಹೋದಾಗ ಮಧು ನನ್ನ ಕೈ ಹಿಡಿದಳು. "ಡಾಕ್ಟ್ರು ಹೇಳುದ್ರು. ನಂಗ್ಯಾಕೆ ಹೇಳ್ಲಿಲ್ಲ ನೀನು? ಏನೇನಾಯ್ತು, ಈಗ್ಲಾದ್ರೂ ಹೇಳು."

ಒಂಬತ್ತು ತಿಂಗಳಲ್ಲಿ ಮನೆಯವರು ಯಾರೂ ಕೇಳಿರಲಿಲ್ಲ.

"ಮೊದ್ಲು ಇನ್ನೊಂದದೆ ಮಧು. ಅವ್ವ ಯಾರ್ಗೂ ಇಲ್ಲ ಅಂದಾಗ ನಾನು ಬೇಕಂತ ಸುಮ್ಕಿದ್ದೆ. ನಿಂಗೂ ಆಗ್ಲಿ ಅಂತ."

ಕೈ ಬಿಟ್ಟಳು. ಮುಖ ಗೋಡೆಗೆ ತಿರುಗಿಸಿದಳು. ಎದ್ದೆ. ಬಾಗಿಲ ಹತ್ತಿರ ಹೋಗಿದ್ದೆ.

"ಎಲ್ಲಿಗೋಯ್ತೀಯ? ಕೂತ್ಕೋ. ಸಿಟ್ಟದೆ ನಂಗೆ. ಆದ್ರೂ ಹೇಳು."

ಕೂತೆ. ಇಂಜೆಕ್ಷನ್‌ನಿಂದ ಶುರು ಮಾಡಿದೆ. ಅವಳು ಒಂದು ಸಲವೂ ಕನಸಿರಬೇಕು ಅನ್ನಲಿಲ್ಲ. ಗಂಟಲ ಕೊಳವೆಯವರೆಗೆ ಬಂದಿದ್ದೆ — ಅವ್ವ ಇಡ್ಲಿ ಪೊಟ್ಟಣ ಹಿಡಿದು ಒಳಗೆ ಬಂದಳು. ಮಾತು ನಿಲ್ಲಿಸಿದೆ.

"ನಿಲ್ಲಿಸ್ಬ್ಯಾಡ" ಅಂದಳು ಮಧು. "ಅವ್ವಾ, ಅದನ್ನ ಅಲ್ಲಿಡು. ಇಲ್ಲಿ ಕೂತ್ಕಂಡು ನೀನೂ ಕೇಳು. ಅಕ್ಕಂಗಾಗಿದ್ದು ಕನಸಲ್ಲ."